ಪೈಲ್ವಾನನಿಗೆ ಮತ್ತಿನ ಸೂಜಿ

“ಅಲ್ರೀ ಮೇಡಂ, ಮತ್ತಿನ ಸೂಜಿ ಚುಚ್ಚಿದ ಮ್ಯಾಲ ಮತ್ತ ಏಳದಂಗ ಹೋಗಿದ್ದು ಒಂದಾದ್ರೂ ಐತೇನ್ರಿ? ಖರೇ ಹೇಳ್ರಿ.”

ದುರುಗಪ್ಪ ಇದನ್ನು ಕೇಳಿದ್ದು ನಾಲ್ಕನೆಯ ಸಲ. ದನದ ದವಾಖಾನೆಯ ಡಾಕ್ಟರು ಗೀತಾ ಮೊದಲ ಮೂರು ಸಲ ನಗುನಗುತ್ತಲೇ ಉತ್ತರ ಕೊಟ್ಟಿದ್ದರು. ಈಗ ನಗು ಬಿಟ್ಟು, “ಸಾವಿರಕ್ಕ ಒಂದು ಇರಬಹುದು ಯಜಮಾನ್ರ. ಅದಕ್ಕ ತೂಕ ನೋಡಿ, ಎದಿ ಬಡಿತ ನೋಡಿ ಕೊಡೋದು,” ಎಂದರು. ಕೇಳಿದ್ದೇ ತಡ ದುರುಗಪ್ಪನ ಮುಖ ಇಳಿಯಿತು. ಸಾವಿರದಲ್ಲಿ ಆ ಒಂದು ತನ್ನ ಪೈಲ್ವಾನನೇ ಎಂದು ಅವನಿಗೆ ಆಗಲೇ ಖಾತ್ರಿಯಾಗಿಬಿಟ್ಟಿತ್ತು. ಕೆಂಪು ನಾಯಿಯ ಕುತ್ತಿಗೆಯನ್ನು ತಬ್ಬಿಕೊಂಡು, “ತೂಕ ಇನ್ನೊಂದು ಸಾರಿ ನೋಡ್ರಲ್ಲ,” ಎಂದ. ನೋಡಿದರು. ಹತ್ತೊಂಬತ್ತು ಕೆಜಿ. ಮೊದಲೂ ಅಷ್ಟೇ ಇತ್ತು.

ಬಾಗಿಲ ಹತ್ತಿರ ನಿಂತಿದ್ದ ಅವನ ಹೆಂಡತಿ ಹಂಪವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗು ಬಂದಿತ್ತೋ ಮತ್ತೇನು ಬಂದಿತ್ತೋ. ಇಪ್ಪತ್ತೈದು ವರ್ಷ ಸಂಸಾರ ಮಾಡಿದ್ದಾಳೆ. ಈ ಮನುಷ್ಯನ ಹೊಟ್ಟೆಯಲ್ಲಿ ಇಷ್ಟೊಂದು ಪ್ರಶ್ನೆಗಳಿದ್ದವೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಹಾಗಂತ ನಾಯಿಯ ಮೇಲೆ ಅವಳಿಗೇನೂ ಸಿಟ್ಟಿಲ್ಲ. ರೊಟ್ಟಿ ಮುರಿದು ಹಾಕಿ ಬೆಳೆಸಿದವಳೇ ಅವಳು. ಅದು ಹರೆಯಕ್ಕೆ ಬಂದದ್ದೇ ಬಂದದ್ದು, ಗಿಣಿಗೇರಾದ ಓಣಿಓಣಿಯ ಹೆಣ್ಣುನಾಯಿಗಳ ಬೆನ್ನು ಹತ್ತಿ, ಗಂಡುನಾಯಿಗಳ ಜೊತೆ ಕಚ್ಚಾಡಿ, ಬಿಡಿಸಲು ಹೋದ ಪಕ್ಕದ ಮನೆಯ ಓಬಳೆಪ್ಪನ ಮೊಣಕಾಲಿಗೂ ಬಾಯಿ ಹಾಕಿತ್ತು. “ಬೀಜ ಒಡಸ್ತಿಯೋ, ಇಲ್ಲಾ ರೊಟ್ಟ್ಯಾಗ ವಿಷ ಇಟ್ಟು ಒಗಿಲ್ಯೋ?” ಎಂದು ಓಬಳೆಪ್ಪ ಕಟ್ಟೆಯ ಮೇಲೆ ಎಲ್ಲರೆದುರು ಹೇಳಿದ್ದ. ಹೇಳಿದ್ದನ್ನು ಮಾಡುವ ಆಸಾಮಿ. ನಾಯಿಯ ಜೀವ ಉಳಿಯಬೇಕೆಂದರೆ ಈ ಆಪರೇಷನ್ ಆಗಲೇಬೇಕಿತ್ತು. ಅದಕ್ಕೇ ದುರುಗಪ್ಪ ಫ್ಯಾಕ್ಟರಿಗೆ ರಜೆ ಹಾಕಿ ಕೊಪ್ಪಳಕ್ಕೆ ಬಂದಿದ್ದ.

“ಗಂಡಸ್ತನ ಹೋತಂತ ಸೊರಗತೈತೇನ್ರಿ? ಮನಸಿಗೆ ಹಚ್ಚಿಕೊಂತೈತೇನು?” ಅವನ ಧ್ವನಿ ಸಣ್ಣದಾಗಿತ್ತು.

ಇದೇ ಧ್ವನಿ ಒಂದು ಕಾಲಕ್ಕೆ ಎಷ್ಟು ದೊಡ್ಡದಿತ್ತು! ತೊಂಬತ್ತೊಂಬತ್ತರಲ್ಲಿ, ಮೂರನೆಯ ಮಗಳು ಅಮೃತಾ ಹುಟ್ಟಿದ ಮೇಲೆ, ನರ್ಸಬಾಯಿ ಮನೆಗೆ ಬಂದು, “ಗಂಡಸರಿಗಾದ್ರ ಸಣ್ಣ ಕೆಲಸ, ನಡಕೊಂತ ಮನಿಗೆ ಬರ್ತೀರಿ,” ಎಂದಾಗ ಅವನು ಅವಳನ್ನು ಅಂಗಳ ದಾಟಿಸಿದ್ದ. “ನಾ ಭಾರ ಎತ್ತಾವ. ನನ್ನ ಕಸುವು ಹೋದ್ರ ನಿಮ್ಮಪ್ಪ ಬಂದು ದುಡೀತಾನೇನು? ಇಕಿದು ಮಾಡ್ರಿ.” ಮಾಡಿದರು. ಒಂದು ಶಾಲೆಯಲ್ಲಿ ಮಕ್ಕಳಾಗದಂತೆ ಮಾಡುವ ಆಪರೇಷನ್ನಿನ ಕ್ಯಾಂಪು. ಮೂವತ್ತು ಹೆಂಗಸರನ್ನು ಚಾಪೆಯ ಮೇಲೆ ಸಾಲಾಗಿ ಮಲಗಿಸಿದ್ದರು. ದುರುಗಪ್ಪ ಕಾಗದಕ್ಕೆ ಸಹಿ ಗೀಚಿ ಮಿರ್ಚಿ-ಮಂಡಾಳು ತಿನ್ನಲು ಹೋದ. ಕೊಡುವ ಸೂಜಿ ಎಂಥದು, ಹೆಂಡತಿ ಎದ್ದಾಳೋ ಇಲ್ಲವೋ, ಒಂದು ಮಾತು ಯಾರನ್ನೂ ಕೇಳಲಿಲ್ಲ. ಹೋಗಲಿ, ಆಗಿನ ಕಾಲವೇ ಹಾಗಿತ್ತು ಎಂದು ಹಂಪವ್ವ ಎಷ್ಟೋ ಸಲ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಾಳೆ.

ಗೀತಾ ಸೂಜಿಗೆ ಔಷಧ ಎಳೆದುಕೊಳ್ಳುತ್ತ ಕೇಳಿದರು, “ನಿನ್ನೆ ರಾತ್ರಿಯಿಂದ ಏನೂ ತಿನಿಸಿಲ್ಲ, ಹೌದಲ್ರಿ?”

“ಇಲ್ರಿ. ಒಂದು ತುತ್ತು ಸೈತ ಇಲ್ರಿ.”

ಹಂಪವ್ವ ತಟ್ಟನೆ ತಲೆ ಎತ್ತಿದಳು. ಮುಂಜಾನೆ ಐದಕ್ಕೆ ಹಿತ್ತಲಲ್ಲಿ ಅವನು ಎರಡು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನಾಯಿಗೆ ತಿನ್ನಿಸಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಮೇಡಂ ಬೇಡವೆಂದಿದ್ದಾರಲ್ಲ ಎಂದದ್ದಕ್ಕೆ, “ಆ ಹುಡುಗಿಗೆ ಏನು ಗೊತ್ತು? ಹಸದ ಮೈ ಮತ್ತು ತಡೀತೈತೇನು? ಮನಿ ಬಿಟ್ಟು ಹೊಂಟ ಜೀವಾನ ಖಾಲಿ ಹೊಟ್ಟಿಲೆ ಕಳಸ್ತಾರೇನು, ಕರುಳಿಲ್ಲದಾಕಿ!” ಎಂದು ಬೈದಿದ್ದ. ಈಗ ಬಾಯಿ ಬಿಟ್ಟರೆ ಮಂದಿಯೆದುರು ಮರ್ಯಾದೆ ಕಳೆದಳೆಂದು ಎಂಟು ದಿನ ಮನೆಯಲ್ಲಿ ರಂಪ. ಬಿಡದಿದ್ದರೆ? ಪೈಲ್ವಾನ ಅವಳ ಕಡೆ ನೋಡಿ ಬಾಲ ಆಡಿಸಿತು.

“ತಿಂದೈತ್ರಿ,” ಎಂದಳು. “ಎರಡು ರೊಟ್ಟಿ, ಹಾಲು. ಮುಂಜಾನಿ ಐದಕ್ಕ.”

ಗೀತಾ ಸೂಜಿಯನ್ನು ತಟ್ಟೆಯಲ್ಲಿಟ್ಟರು. “ಏನ್ ಯಜಮಾನ್ರ, ಕೊಲ್ಲಬೇಕಂತ ಮಾಡಿದ್ರೇನು? ಮತ್ತಿನ್ಯಾಗ ವಾಂತಿ ಆದ್ರ ಎಚ್ಚರ ಇರೂದಿಲ್ಲ, ಕೆಮ್ಮಾಕ ಬರೂದಿಲ್ಲ. ಅದು ಉಸಿರಿನ ನಳಗಿ ಹೊಕ್ಕು ಮಲಗಿದಲ್ಲೇ ಜೀವ ಹೋಗತೈತಿ. ನಾಯಿಗಷ್ಟ ಅಲ್ಲ, ಮನಷ್ಯಾರಿಗೂ ಹಂಗ.”

ದುರುಗಪ್ಪ ನೆಲಕ್ಕೆ ಕುಸಿದು ಕುಳಿತ. ನಾಯಿಯ ಮುಖ ಹಿಡಿದುಕೊಂಡು ಗೊಳೋ ಎಂದು ಅತ್ತ. “ನನ್ನ ಕೈಯಾರ ಕೊಲ್ತಿದ್ನಲ್ಲೋ ನನ್ನಪ್ಪಾ! ನನ್ನ ಕೈಯಿಗೆ ಹುಳ ಬೀಳ್ಲಿ!”

ಆ ಅಳು ಹಂಪವ್ವನಿಗೆ ಎಲ್ಲೋ ದೂರದಿಂದ ಕೇಳಿದಂತಾಯಿತು. ಮನಷ್ಯಾರಿಗೂ ಹಂಗ. ಕ್ಯಾಂಪಿನ ದಿನ ಅವಳು ಹೊಲದಲ್ಲಿ ಕಳೆ ತೆಗೆದು, ಹೊಟ್ಟೆ ತುಂಬ ರೊಟ್ಟಿ ಉಂಡು ಹೋಗಿದ್ದಳು. “ಉಂಡು ಬಂದೀಯೇನವ್ವಾ?” ಎಂದು ನರ್ಸಬಾಯಿ ಕೇಳಿದಾಗ, ಅವಳು ಬಾಯಿ ತೆರೆಯುವ ಮೊದಲೇ ದುರುಗಪ್ಪ, “ಏನೂ ಉಂಡಿಲ್ರಿ, ಬರಕೊಳ್ರಿ,” ಎಂದಿದ್ದ. ಇನ್ನೊಂದು ದಿನ ಕೆಲಸ ಬಿಟ್ಟು ಬರುವುದು ಅವನಿಗೆ ಬೇಡವಾಗಿತ್ತು. ಅವಳಿಗೂ ಅದು ದೊಡ್ಡ ಸುಳ್ಳು ಎನಿಸಿರಲಿಲ್ಲ. ಕಣ್ಣು ತೆರೆದಾಗ ಕುಪ್ಪಸ, ಕೂದಲು ಎಲ್ಲ ವಾಂತಿ. ಪಕ್ಕದ ಚಾಪೆಯ ಕಾಸೀಮಬೀ ತನ್ನ ಹೊಲಿಗೆಯ ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಹಂಪವ್ವನ ತಲೆಯನ್ನು ಮಗ್ಗುಲಿಗೆ ಒತ್ತಿ ಹಿಡಿದಿದ್ದಳು. “ಗೊರಗೊರ ಅನ್ನಾಕ ಹತ್ತಿದ್ದಿಬೇ, ತುಟಿ ನೀಲಿ ಆಗಿದ್ವು,” ಎಂದಿದ್ದಳು. ಪಿತ್ತ ಕೆರಳಿರಬೇಕು ಎಂದುಕೊಂಡು ಹಂಪವ್ವ ಮೂರನೆಯ ದಿನ ಎದ್ದು ಒಲೆ ಹಚ್ಚಿದ್ದಳು. ಹದಿನೆಂಟು ವರ್ಷ ಅದನ್ನು ಪಿತ್ತವೆಂದೇ ತಿಳಿದಿದ್ದಳಲ್ಲ, ಎಂಥ ಹುಚ್ಚಿ!

“ಗುರುವಾರ ಬರ್ರಿ,” ಎಂದರು ಗೀತಾ. “ಅಮ್ಮಾರ, ನೀವ ಕರಕೊಂಡು ಬರ್ರಿ.”

ಹೊರಗೆ ಬೇವಿನ ಗಿಡದ ಕೆಳಗೆ ಟಂಟಂ ಆಟೋ ಬರುವುದನ್ನು ಕಾಯುತ್ತ ನಿಂತರು. ದುರುಗಪ್ಪ ಟವೆಲ್ಲಿನ ತುದಿಯಿಂದ ನಾಯಿಯ ಕಣ್ಣು ಒರೆಸುತ್ತಿದ್ದ. ಬಯ್ಯುವುದನ್ನೂ ಮರೆತಿದ್ದ.

“ಅವತ್ತ ಕ್ಯಾಂಪಿನ್ಯಾಗ, ನಾ ಉಂಡಿದ್ದು ನಿಮಗ ಗೊತ್ತಿತ್ತಲ್ಲ?” ಎಂದಳು ಹಂಪವ್ವ.

“ಯಾವ ಕ್ಯಾಂಪು?”

“ನಂದು.”

ಅವನು ನೆನಪು ಮಾಡಿಕೊಳ್ಳಲು ನೋಡಿದ. ಪಾಪ, ಖರೇನೇ ನೋಡಿದ. “ಅದೆಲ್ಲ ಯಾರಿಗೆ ನೆನಪಿರ್ತೈತಿ? ನಿನಗೇನೂ ಆಗಲಿಲ್ಲಲ್ಲ?”

ಟಂಟಂ ಬಂತು. ಅವನು ನಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ಸೀಟಿನ ಮೇಲೆ ಮಲಗಿಸಿ, ತಾನೂ ಹತ್ತಿ ಕುಳಿತ. “ಏ, ಹತ್ತು ಲಗೂನ.”

“ನೀವು ಹೋಗ್ರಿ,” ಎಂದಳು ಹಂಪವ್ವ.

“ಯಾಕ?”

ಅವಳು ಹಿಂದೆ ಸರಿದು ಬೇವಿನ ಬುಡದಲ್ಲಿ ಕುಳಿತಳು. ಟಂಟಂನವನು ಹೊತ್ತಾಯಿತೆಂದು ಹಾರ್ನು ಒತ್ತಿ ಗಾಡಿ ಬಿಟ್ಟ. ನಾಯಿ ಕತ್ತು ಹೊರಗೆ ಚಾಚಿ ಅವಳನ್ನೇ ನೋಡುತ್ತಿತ್ತು. ಧೂಳು ಕಣ್ಣಿಗೆ ಬಿದ್ದೀತೆಂದು ದುರುಗಪ್ಪ ಅದರ ತಲೆಯನ್ನು ಮೆಲ್ಲಗೆ ಒಳಗೆ ಎಳೆದುಕೊಂಡ.