ಗದಗಿಗೆ ಬಂದ ಮೆಸೋಬ್

ನಾನು ಒಂದು ಊಟದ ಬುಟ್ಟಿ. ನನ್ನನ್ನು ಹೆಣೆದವಳು ವರ್ಕ್ನೆಶ್. ಇಥಿಯೋಪಿಯಾದ ಗುಡ್ಡಗಾಡಿನ ಒಂದು ಸಣ್ಣ ಊರಿನಲ್ಲಿ, ಬಿಸಿಲಿಗೆ ಬೆನ್ನು ಕೊಟ್ಟು ಕುಳಿತು, ಕೆಂಪು ಹಸಿರು ಬಣ್ಣ ಹಾಕಿದ ಹುಲ್ಲನ್ನು ಸುತ್ತಿ ಸುತ್ತಿ ಬಿಗಿದು ಅವಳು ನನ್ನನ್ನು ಮಾಡಿದಳು. ಅಲ್ಲಿಯವರು ನನ್ನಂಥವರನ್ನು ಮೆಸೋಬ್ ಎನ್ನುತ್ತಾರೆ. ಮೊಣಕಾಲೆತ್ತರದ ಕಾಲು, ಮೇಲೊಂದು ಅಗಲ ತಟ್ಟೆ, ಗೋಪುರದಂಥ ಮುಚ್ಚಳ. ತಟ್ಟೆಯ ಮೇಲೆ ಇಂಜೆರಾ ಎಂಬ ರೊಟ್ಟಿ ಹಾಸಿ, ಪಲ್ಯ ಬಡಿಸಿ, ಮನೆಯವರೆಲ್ಲ ಸುತ್ತ ಕುಳಿತು ಹರಿದು ಹರಿದು ತಿನ್ನುತ್ತಾರೆ. ನಾನು ಹುಟ್ಟಿದ್ದು ವರ್ಕ್ನೆಶ್‌ಳ ಮಗಳು ಅಸ್ತೇರಳ ಮದುವೆಗೆಂದು. ಅಲ್ಲಿಯವರೆಗೆ ಕಿಟಕಿಯ ಪಕ್ಕ ಸುಮ್ಮನೆ ಕುಳಿತಿರುವುದೇ ನನ್ನ ಕೆಲಸ.

ಆ ಕಿಟಕಿಯಿಂದಲೇ ನಾನು ಇಂದುಮತಿ ಹೊಂಬಳ ಅವರನ್ನು ಮೊದಲು ಕಂಡದ್ದು. ಗದಗಿನಿಂದ ಊರಿನ ಶಾಲೆಗೆ ಇಂಗ್ಲಿಷ್ ಕಲಿಸಲು ಬಂದವರು. ಅಂಗಳದಾಚೆಯ ಕೋಣೆಗೆ ಬಾಡಿಗೆಗೆ ಬಂದರು. ಮೊದಲ ದಿನ ವರ್ಕ್ನೆಶ್ ಕೊಟ್ಟ ಇಂಜೆರಾ ಹರಿದು ಬಾಯಿಗಿಟ್ಟು, ಹಿಟ್ಟು ಹುಳಿ ಬಂದ ದೋಸೆಯಂತಿದೆ ಎಂದು ತಮ್ಮಷ್ಟಕ್ಕೆ ಗೊಣಗಿಕೊಂಡರು. ತಿಂಗಳು ಕಳೆಯುವುದರೊಳಗೆ, ಹಂಚಿನ ಮೇಲೆ ಕಣ್ಣು ಕಣ್ಣಾಗಿ ಅರಳುವ ಆ ರೊಟ್ಟಿಯ ವಾಸನೆಗೆ ಶಾಲೆಯಿಂದ ನೇರವಾಗಿ ಒಲೆಯ ಬಳಿಗೇ ಬರತೊಡಗಿದರು.

ಒಂದು ಶನಿವಾರ ಸಂತೆಯಲ್ಲಿ ಅವರಿಗೆ ಬಿಳಿ ಜೋಳ ಸಿಕ್ಕಿತು. ಜೋಳ ಆ ನಾಡಿನಲ್ಲೂ ಬೆಳೆಯುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಬೀಸಿಸಿಕೊಂಡು ಬಂದು ಅಂಗಳದಲ್ಲೇ ರೊಟ್ಟಿ ಬಡಿದರು. ಆ ಸಪ್ಪಳಕ್ಕೆ ನೆರೆಯ ಹೆಂಗಸರೆಲ್ಲ ನೆರೆದರು. ವರ್ಕ್ನೆಶ್ ಬಿಸಿ ರೊಟ್ಟಿಗೆ ಬೇಳೆ ಹಚ್ಚಿಕೊಂಡು ತಿಂದು, ತುಸು ಒಣ ಒಣ, ಆದರೂ ಇನ್ನೊಂದು ಇರಲಿ ಎಂದಳು. ಅಂದಿನಿಂದ ಎರಡು ಮನೆಯ ನಡುವೆ ಇಂಜೆರಾ ಅತ್ತ, ರೊಟ್ಟಿ ಇತ್ತ.

ಅಸ್ತೇರ್ ಇಂದುಮತಿಯವರದೇ ತರಗತಿಯಲ್ಲಿ ಕೊನೆಯ ವರ್ಷ ಓದುತ್ತಿದ್ದಳು. ಪರೀಕ್ಷೆಗೆ ಮುಂಚೆಯೇ ಮದುವೆ ಗೊತ್ತಾಯಿತು. ಹುಡುಗಿ ನನ್ನ ಮುಚ್ಚಳದ ಮೇಲೆ ತಲೆಯಿಟ್ಟು ಅತ್ತಳು. ಹುಲ್ಲು ತೇವವಾಗಿದ್ದು ನನಗೊಬ್ಬನಿಗೇ ಗೊತ್ತು. ಇಂದುಮತಿಯವರು ತಡೆಯಲಾರದೆ ತಾಯಿಯ ಬಳಿ ಬಂದರು. ಅವರ ಮಾತು ನಡೆದದ್ದು ಅಲ್ಲಿಯ ಭಾಷೆಯಲ್ಲಿ. ಇಷ್ಟು ವರ್ಷ ಗದಗಿನಲ್ಲಿದ್ದ ನನ್ನ ಬಾಯಲ್ಲಿ ಅದು ಗದಗಿನ ಮಾತಾಗಿಯೇ ಬರುತ್ತದೆ.

"ಪರೀಕ್ಷೆ ಒಂದು ಮುಗೀಲಿ ಎತ್ಯೆ, ಆಮ್ಯಾಲೆ ಮದುವಿ ಮಾಡ್ರಿ," ಎಂದರು. ಹಿರಿಯ ಹೆಂಗಸರನ್ನು ಅಲ್ಲಿ ಎತ್ಯೆ ಎಂದೇ ಕರೆಯುವುದು.

"ನೀವು ಇವತ್ತು ಇರ್ತೀರಿ, ನಾಳೆ ಹೋಗ್ತೀರಿ. ನನ್ನ ಮಗಳ ಸುದ್ದಿಗೆ ಬರಬ್ಯಾಡ್ರಿ," ಎಂದಳು ವರ್ಕ್ನೆಶ್.

ಮರುದಿನದಿಂದ ಇಂಜೆರಾ ಅಂಗಳ ದಾಟಲಿಲ್ಲ. ಇಂದುಮತಿಯವರು ಒಬ್ಬರೇ ರೊಟ್ಟಿ ಬಡಿದುಕೊಂಡು, ಒಬ್ಬರೇ ಉಂಡು, ದೀಪ ಆರಿಸುತ್ತಿದ್ದರು. ಊರಿಗೆ ಮರಳುವ ಮಾತನ್ನೂ ಹೆಡ್‌ಮಾಸ್ತರರ ಬಳಿ ಎತ್ತಿದ್ದರಂತೆ.

ಮಳೆಗಾಲದ ಕೊನೆಗೆ ಅವರು ಜ್ವರದಲ್ಲಿ ಮಲಗಿದರು. ಎರಡು ದಿನ ಆ ಕಡೆಯಿಂದ ರೊಟ್ಟಿಯ ಸಪ್ಪಳವಿಲ್ಲ. ಮೂರನೆಯ ಬೆಳಗ್ಗೆ ವರ್ಕ್ನೆಶ್ ತಡೆಯಲಾರದೆ ಇಂಜೆರಾ ಹುಯ್ದಳು. ಮನೆಯಲ್ಲಿ ನೆಂಟರಿದ್ದರು, ಬಳಕೆಯ ಬುಟ್ಟಿ ಅವರ ಮುಂದಿತ್ತು. ಕೈಗೆ ಸಿಕ್ಕಿದ್ದು ನಾನು. ಮದುವೆಗೆಂದು ಕಾದಿಟ್ಟ ನನ್ನನ್ನೇ ಎತ್ತಿಕೊಂಡು ಅಂಗಳ ದಾಟಿದಳು.

ನನ್ನ ಮೇಲೆ ಬಿದ್ದ ಮೊದಲ ಬಿಸಿ ಅದು. ವರ್ಕ್ನೆಶ್ ತುತ್ತು ಮಾಡಿ ತನ್ನ ಕೈಯಿಂದಲೇ ಅವರ ಬಾಯಿಗಿಟ್ಟಳು. ಪ್ರೀತಿಯವರಿಗೆ ಹಾಗೆ ಉಣಿಸುವುದು ಅವರಲ್ಲಿ ಪದ್ಧತಿ. ಇಂದುಮತಿಯವರ ಕಣ್ಣು ತುಂಬಿತು, ಖಾರ ಹೆಚ್ಚಾಯಿತೆಂದು ನೆವ ಹೇಳಿದರು.

ಇನ್ನೊಂದು ತುತ್ತು ಮಾಡುತ್ತ ವರ್ಕ್ನೆಶ್ ಕೇಳಿದಳು: "ಇಷ್ಟು ದೂರ ನಿಮ್ಮವ್ವ ನಿಮ್ಮನ್ನ ಹೆಂಗ ಕಳಿಸಿದ್ಲು?"

"ಅಳಕೋತ ಕಳಿಸಿದ್ಲು ಎತ್ಯೆ. ಆದ್ರ ಕಳಿಸಿದ್ಲು."

ವರ್ಕ್ನೆಶ್ ಉಳಿದ ತುತ್ತುಗಳನ್ನೆಲ್ಲ ಉಣಿಸಿ, ನನ್ನನ್ನು ಒರೆಸಿ ಎತ್ತಿಕೊಂಡು ಬಂದಳು. ಆ ವಾರವೇ ಗಂಡಿನ ಮನೆಗೆ ಹೋಗಿ, ಪರೀಕ್ಷೆಯವರೆಗೆ ಕಾಯಿರಿ ಎಂದು ಕೇಳಿದಳು. ಅವರು ಕಾಯಲಿಲ್ಲ, ಸಂಬಂಧ ಮುರಿಯಿತು. ಊರಿನವರು ಆಡಿಕೊಂಡರು. ಅಸ್ತೇರ್ ಮಾತ್ರ ಅಂಗಳದಲ್ಲಿ ಕುಳಿತು ಇಂಗ್ಲಿಷ್ ಪಾಠವನ್ನು ಇಡೀ ಓಣಿಗೆ ಕೇಳುವಂತೆ ಓದಿದಳು. ಪಾಸಾದಳು, ಶಿಕ್ಷಕಿಯ ತರಬೇತಿಗೆ ಹೋದಳು.

ಇಂದುಮತಿಯವರು ಊರಿಗೆ ಹೊರಡುವ ದಿನ ವರ್ಕ್ನೆಶ್ ನನ್ನನ್ನು ತಂದು ಅವರ ಪೆಟ್ಟಿಗೆಯ ಪಕ್ಕದಲ್ಲಿಟ್ಟಳು. ಅಸ್ತೇರಳಿಗೆ ಇರಲಿ ಎಂದು ಇವರು ಎಷ್ಟು ಹೇಳಿದರೂ ಕೇಳಲಿಲ್ಲ.

"ಮಗಳಿಗಂತ ಹೆಣೆದದ್ದು," ಎಂದಳು. "ಮಗಳಿಗೇ ಕೊಟ್ಟೇನಿ."

ಇಳಕಲ್ ಸೀರೆಯಲ್ಲಿ ಸುತ್ತಿಸಿಕೊಂಡು ನಾನು ವಿಮಾನ ಹತ್ತಿದೆ. ಗದಗಿನಲ್ಲಿ ಬಹಳ ವರ್ಷ ಒಣಗಿಸಿದ ಕಟಕ ರೊಟ್ಟಿಗಳನ್ನು ಹೊತ್ತೆ. ಅವು ಹಗುರ, ಮಾತಾಡಿದಂತೆ ಕಟಕಟ ಎನ್ನುತ್ತವೆ. ಈಗ ಇಲಿಗಳು ನನ್ನ ಅಂಚು ಕಡಿದಿವೆ, ಬಣ್ಣ ಹೋಗಿದೆ. ಅಡುಗೆಮನೆಯ ಮೂಲೆಯಲ್ಲಿ ಬೆಳ್ಳುಳ್ಳಿ ತುಂಬಿಕೊಂಡು ಕುಳಿತಿದ್ದೇನೆ. ಅದಕ್ಕೆ ನನಗೇನೂ ಬೇಸರವಿಲ್ಲ. ಬುಟ್ಟಿಯಾದವನಿಗೆ ಖಾಲಿ ಇರುವುದೇ ಕಷ್ಟ.

ಕೆಲವು ಭಾನುವಾರ ಅಸ್ತೇರ್ ಫೋನು ಮಾಡುತ್ತಾಳೆ. ಅವಳೀಗ ಅದೇ ಶಾಲೆಯ ಇಂಗ್ಲಿಷ್ ಟೀಚರು. ಅವಳ ಮಾತು ಮುಗಿದ ಮೇಲೆ ವರ್ಕ್ನೆಶ್ ಫೋನು ಕಸಿದುಕೊಳ್ಳುತ್ತಾಳೆ. ಕಿವಿ ಮಂದವಾದ್ದರಿಂದ ಕೂಗಿ ಕೂಗಿ ಏನೋ ಕೇಳುತ್ತಾಳೆ. ಇಂದುಮತಿಯವರು ಆ ಭಾಷೆಯನ್ನು ಹೆಚ್ಚುಕಡಿಮೆ ಮರೆತೇ ಬಿಟ್ಟಿದ್ದಾರೆ. ಆದರೂ ತಡವರಿಸದೆ ಕನ್ನಡದಲ್ಲೇ ಉತ್ತರಿಸುತ್ತಾರೆ.

"ಆತು ಎತ್ಯೆ, ಈಗ ಆತು," ಎನ್ನುತ್ತಾರೆ. "ನಿಮ್ದು ಊಟ ಆತೇನ್ರಿ?"