ಅಳಿಸಿದ ಅಧ್ಯಾಯ

“ಕೊನೇ ಅಧ್ಯಾಯ ಎಲ್ಲಮ್ಮಾ?”

ಕಾದಂಬರಿಗಾರ್ತಿ ಕೇಳಿದ್ದು ಅಷ್ಟೇ. ತಾಲೀಮು ಕೋಣೆಯಲ್ಲಿ ನಾಟಕ ಮುಗಿದು ಇನ್ನೂ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಎರಡು ಬೆಂಚು ಜೋಡಿಸಿ ಮಾಡಿದ ಮಂಚದ ಪಕ್ಕ ಹುಡುಗಿ ನಿಂತಿದ್ದಳು. ಮಂಚದ ಮೇಲೆ ಅತ್ತೆಯಾಗಿ ಸತ್ತು ಮಲಗಿದ್ದ ಗೆಳತಿ ಏಳುವ ಧೈರ್ಯ ಮಾಡಲಿಲ್ಲ.

ಹುಡುಗಿ ನಾಟಕಶಾಲೆಯ ಎರಡನೇ ವರ್ಷದ ವಿದ್ಯಾರ್ಥಿನಿ. ನಾನೂರ ಹನ್ನೆರಡು ಪುಟದ ಕಾದಂಬರಿಯನ್ನು ಐವತ್ತನಾಲ್ಕು ಪುಟದ ನಾಟಕಕ್ಕೆ ಇಳಿಸಿದ ಮೇಲೆ ಗೆಳೆಯರು ಅವಳನ್ನು ‘ಕತ್ತರಿ’ ಎಂದೇ ಕರೆಯುತ್ತಿದ್ದರು. ಹಾಸಿಗೆ ಹಿಡಿದ ಅತ್ತೆಯನ್ನು ಹನ್ನೊಂದು ವರ್ಷ ನೋಡಿಕೊಂಡ ಸೊಸೆಯ ಕಥೆ. ಸೊಸೆಯ ಪಾತ್ರವೂ ಅವಳದೇ. ಕೊನೆಯ ಅಧ್ಯಾಯದಲ್ಲಿ ಅತ್ತೆ ಕೈಹಿಡಿದು ಕ್ಷಮೆ ಕೇಳುತ್ತಾಳೆ. ಸೊಸೆ ಒಂದೂವರೆ ಪುಟ ಮಾತಾಡಿ ಕ್ಷಮಿಸುತ್ತಾಳೆ. ಮೂರು ವಾರವಾದರೂ ಆ ಮಾತು ಅವಳ ಬಾಯಲ್ಲಿ ಕೂರಲಿಲ್ಲ. ಪಾಠ ಒಪ್ಪಿಸಿದ ಹಾಗೆ ಕೇಳಿಸುತ್ತಿತ್ತು. ಹೋದ ಸೋಮವಾರ ಇಡೀ ಅಧ್ಯಾಯಕ್ಕೆ ಅಡ್ಡಗೆರೆ ಎಳೆದುಬಿಟ್ಟಳು.

“ಅನುಮತಿ ಕೊಟ್ಟೋರು ಅವ್ರು. ಬೇಡ ಅಂದ್ರೆ ನಾಳೆ ಪ್ರದರ್ಶನ ಇಲ್ಲ. ಉತ್ತರ ನೀನೇ ಹೇಳ್ಕೋಬೇಕು,” ಎಂದು ಮೇಷ್ಟ್ರು ಮೊದಲೇ ಕೈತೊಳೆದುಕೊಂಡಿದ್ದರು. ಈಗ ಅವರು ಕಿಟಕಿಯಾಚೆ ಏನೋ ಬಹಳ ಮುಖ್ಯವಾದುದನ್ನು ನೋಡುತ್ತಿದ್ದರು.

“ನಾನೇ ತೆಗೆದುಬಿಟ್ಟೆ, ಮೇಡಂ,” ಎಂದಳು ಹುಡುಗಿ. “ಎಷ್ಟು ಸಲ ಹೇಳಿದ್ರೂ ಸುಳ್ಳು ಹೇಳ್ದಂಗೆ ಆಗ್ತಿತ್ತು. ಹನ್ನೊಂದು ವರ್ಷ ಎಲ್ಲಾ ನುಂಗ್ಕೊಂಡು ಇದ್ದೋಳು ಒಂದೇ ಸಲಕ್ಕೆ ಅಷ್ಟು ಚೆನ್ನಾಗಿ ಹೇಗೆ ಮಾತಾಡ್ತಾಳೆ ಅನ್ನಿಸ್ತು.”

ಕಾದಂಬರಿಗಾರ್ತಿ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

“ಅದನ್ನ ಬರೆದಾಗ ನಮ್ಮತ್ತೆ ಇನ್ನೂ ಇದ್ರು ಕಣಮ್ಮಾ. ನಾನು ಬರೆದಿದ್ದನ್ನೆಲ್ಲ ಓದೋರು. ಅವರ ಕಣ್ಣಿಗೆ ಬೀಳ್ಲಿ ಅಂತಾನೇ ಬರೆದೆ.”

“ಓದಿದ್ರಾ?”

“ಒಂದಕ್ಷರ ಬಿಡದೆ.”

“ಏನಂದ್ರು?”

“ಮೂರು ಕಡೆ ಕಾಗುಣಿತ ತಪ್ಪಿದೆ ಅಂದ್ರು.”

ಮೊದಲು ನಕ್ಕವರು ಮೇಷ್ಟ್ರು. ಸತ್ತಿದ್ದ ಅತ್ತೆಯೂ ಎದ್ದು ಕೂತು ನಕ್ಕಳು. ಕಾದಂಬರಿಗಾರ್ತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಆ ಅಧ್ಯಾಯ ನಾನೇ ಇನ್ನೊಂದ್ಸಲ ತಿರುಗಿಸಿ ನೋಡ್ಲಿಲ್ಲ. ನಾಳೆ ಹೀಗೇ ಆಡಿ.”

ಹುಡುಗಿ ನೆಲದ ಮೇಲೇ ಕೂತಳು. ಬೆಳಗಿನಿಂದ ಏನೂ ತಿಂದಿಲ್ಲವೆಂಬುದು ಆಗ ನೆನಪಾಯಿತು.

“ಒಂದು ಮಾತ್ರ ಸರಿಯಿಲ್ಲ,” ಎನ್ನುತ್ತ ಕಾದಂಬರಿಗಾರ್ತಿ ಮಂಚದ ಹತ್ತಿರ ಬಂದರು. “ಮಲಗಿರೋರ ಕೆಳಗಿನ ಹಾಸು ನೀನು ಎಳೆದ ಹಾಗೆ ಎಳೀಬಾರ್ದು. ಚರ್ಮ ಕಿತ್ತು ಬರತ್ತೆ. ಮಲಕ್ಕೋ, ತೋರಿಸ್ತೀನಿ.”

ಗೆಳತಿ ಎದ್ದು ಜಾಗ ಬಿಟ್ಟಳು. ಹುಡುಗಿ ಮಲಗಿದಳು. ಒಂದು ಕೈ ಭುಜದ ಕೆಳಗೆ, ಇನ್ನೊಂದು ಸೊಂಟದ ಕೆಳಗೆ ಬಂತು. ಮಗ್ಗುಲಾದದ್ದೇ ಅವಳಿಗೆ ಗೊತ್ತಾಗಲಿಲ್ಲ. ಬೆನ್ನ ಹಿಂದೆ ಹಳೆಯ ಹಾಸು ಸುರುಳಿಯಾಗುತ್ತ ಹೋಯಿತು. ಒಗೆದ ಹಾಸು ತಣ್ಣಗೆ ಬಂದು ತಾಗಿತು.

“ಈಗ ಈ ಕಡೆ ಹೊರಳಿ ಅತ್ತೆ, ನಿಧಾನಕ್ಕೆ... ನಾನು ಹಿಡ್ಕೊಂಡಿದ್ದೀನಿ,” ಎಂದರು ಅವರು, ಬಹಳ ಮೆತ್ತಗೆ.

ಹುಡುಗಿ ಕಣ್ಣು ಮುಚ್ಚಿ ಹೊರಳಿದಳು.