ಮೂರನೇ ನಾಬು

ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನ ಹಿಂದಿರುವ ನನ್ನ ರೆಕಾರ್ಡಿಂಗ್ ಕೋಣೆಗೆ ಬೆಳಿಗ್ಗೆ ಕಾಲಿಟ್ಟಾಗ, ಜೊತೆಗಾರ ಧರ್ಮೇಂದ್ರ ಸ್ಕ್ರೂಡ್ರೈವರ್ ಹಿಡಿದು ಕಂಟ್ರೋಲರಿನ ಮೇಲೆ ಬಗ್ಗಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು.

ಕಂಟ್ರೋಲರ್ ಅಂದರೆ ಹಾಡಿನ ದನಿ ಹದಮಾಡಲು ತಿರುಗಿಸುವ ಎಂಟು ಗುಂಡಿಗಳ, ಅಂದರೆ ನಾಬುಗಳ, ಪುಟ್ಟ ಪೆಟ್ಟಿಗೆ. ಕಂಪ್ಯೂಟರಿನಲ್ಲಿ ದನಿಗೆ ಮಾರ್ದನಿ ಕೊಡುವ ಎಕೋ ಎಂಬುದನ್ನು ಒತ್ತಿ, ಬೇಕಾದ ನಾಬನ್ನು ತಿರುಗಿಸಿದರೆ ಆಮೇಲೆ ಎಕೋ ಆ ನಾಬಿನ ಮಾತು ಕೇಳುತ್ತದೆ. ಆದರೆ ಎರಡು ದಿನದಿಂದ ನಾನು ಯಾವುದನ್ನು ತಿರುಗಿಸಿದರೂ ಎಲ್ಲವೂ ಹೋಗಿ ಮೂರನೆಯದಕ್ಕೇ ಅಂಟಿಕೊಳ್ಳುತ್ತಿತ್ತು. ಸೋಬಾನೆ ಹಾಡುವ ಪುಟ್ಟಗೌರಮ್ಮ ಎರಡು ಸಲ ಬಂದು ಹಾಡದೆ ವಾಪಸ್ಸಾಗಿದ್ದರು. ಪಾಂಡವಪುರದ ಹೊಸ ಸ್ಟುಡಿಯೊದವನು ಧರ್ಮೇಂದ್ರನನ್ನು ಕರೆದಿದ್ದಾನೆ ಎಂಬ ಸುದ್ದಿ ಬಂದದ್ದೂ ಆಗಲೇ. ಅವನು ಹೋದರೆ ನಾನು ಬಾಗಿಲು ಹಾಕಬೇಕು. ಅವನಿಗಿರುವ ಕಿವಿ ನನಗಿಲ್ಲ.

"ಓಗಕ್ ಮುಂಚೆ ಕೆಡಿಸ್ಬುಟ್ಟೇ ಓಗ್ಬೇಕಾ ಲೇ?" ಅಂದೆ.

"ಏನ್ಲಾ ಮೋಹನ ಇಂಗಂತೀಯ? ಮೂರನೇದ್ರೊಳಕ್ಕೆ ಕುಂಕುಮ ಸೇರ್ಕಂಡದೆ. ನಾವ್ ಮುಟ್ಟದೇ ಇದ್ರೂ ಅದೇ ತಿರುಗ್ತಾ ಅದೆ ಅಂತ ಕಂಪ್ಯೂಟರು ತಿಳ್ಕತದೆ. ಬಿಚ್ಚಿ ಒರೆಸ್ತಾವ್ನಿ ಕಣ್ಲಾ."

"ದೇವ್ರ ಕುಂಕುಮದ ಮ್ಯಾಲ್ ಆಕ್ಬೇಡ. ಪಾಂಡವಪುರದೋನು ಯೋಳ್ಕೊಟ್ನಾ?"

ಧರ್ಮೇಂದ್ರ ಸ್ಕ್ರೂಡ್ರೈವರ್ ಮೇಜಿನ ಮೇಲಿಟ್ಟು ಚಪ್ಪಲಿ ಮೆಟ್ಟಿದ. ಅವನು ಮೆಟ್ಟಿಲಿಳಿಯುವ ತನಕ "ಕಳ್ಳ, ಕಳ್ಳ" ಅಂತ ಕೂಗಿದೆ. ಕೆಳಗಿನ ಅಂಗಡಿಯವರೆಲ್ಲ ತಲೆಯೆತ್ತಿ ನೋಡಿದರು.

ಅವನ ಸುಳ್ಳು ಬಯಲು ಮಾಡೋಣವೆಂದೇ ಮೂರನೇ ನಾಬು ಕಿತ್ತೆ. ಬುಡದಲ್ಲಿ ಕುಂಕುಮ ಕೆಂಪಗೆ ಗಟ್ಟಿಕಟ್ಟಿತ್ತು. ಮೊನ್ನೆ ಆಯುಧಪೂಜೆಗೆ ನೀರಲ್ಲಿ ಕಲಸಿದ ಕುಂಕುಮವನ್ನು ಎಂಟಕ್ಕೂ ಹಚ್ಚಿದವನು ನಾನೇ. "ಬ್ಯಾಡ ಕಣ್ಲಾ, ಮ್ಯಾಲೊಂದು ಊವ ಮಡಗು ಸಾಕು" ಅಂದಿದ್ದವನು ಧರ್ಮೇಂದ್ರ. ಒರೆಸಿದೆ. ಎಕೋವನ್ನು ಐದನೆಯದಕ್ಕೆ ಕೊಟ್ಟೆ, ಐದನೆಯದರಲ್ಲೇ ನಿಂತಿತು.

ನನ್ನ ಮೇಲೇ ನನಗೆ ಅಸಹ್ಯವಾಯಿತು. ತಪ್ಪಾಯ್ತು ಅನ್ನಲೆಂದೇ ಫೋನು ಹಚ್ಚಿದೆ.

"ಯೋಳು" ಅಂದ. ಅವನ ಬೆನ್ನ ಹಿಂದೆ ಕಂಡಕ್ಟರು "ಪಾಂಡವಪುರ, ಪಾಂಡವಪುರ" ಎಂದು ಕೂಗುತ್ತಿದ್ದ. ಸಿಟ್ಟು ಮತ್ತೆ ನೆತ್ತಿಗೇರಿತು.

"ಕೋಣೆ ಬೀಗದ ಕೈ ನಿನ್ ತಾವೇ ಅದೆ. ಕೊಟ್ಬುಟ್ಟು ಓಗು" ಅಂದೆ.

ಎಂಟು ವರ್ಷದಿಂದ ನನ್ನನ್ನು ಏನ್ಲಾ, ಕಣ್ಲಾ ಎಂದೇ ಮಾತಾಡಿಸಿದವನು ಅವನು.

"ಕಳಿಸ್ಕೊಡ್ತೀನಿ ಸಾರ್" ಅಂದ.